ಆಕ್ಸ್‌ಫರ್ಡ್ ಊರಲ್ಲಿ ಕ್ಲಾಸು ಸರಿ, ಸರ್ಟಿಫಿಕೇಟು ಯಾರದ್ದು?

ಪ್ರಶ್ನೆ: ನಾನು ಚನ್ನಗಿರಿ ಹತ್ರ ಹೈಸ್ಕೂಲ್ ಟೀಚರ್, ನಮ್ಮೆಜಮಾನ್ರು ಅಡಿಕೆ ತೋಟ ನೋಡ್ಕೋತಾರೆ. ಮಗಳು ದಾವಣಗೆರೆಯಲ್ಲಿ ಬಿಎ ಎಕನಾಮಿಕ್ಸ್ ಎರಡನೇ ವರ್ಷ. ಅವಳು ಅರ್ಜಿ ಹಾಕದಿದ್ರೂ ಒಂದು ಮೇಲ್ ಬಂದಿದೆ, "ಆಕ್ಸ್‌ಫರ್ಡ್ ಸಮ್ಮರ್ ಪ್ರೋಗ್ರಾಂಗೆ ನೀವು ಸೆಲೆಕ್ಟ್ ಆಗಿದ್ದೀರಿ" ಅಂತ. ಜುಲೈನಲ್ಲಿ 2 ವಾರ, ಫೀಸು ರೂಮು ಊಟ ಸೇರಿ 5 ಲಕ್ಷ 40 ಸಾವಿರ, ವಿಮಾನ ವೀಸಾ ನಮ್ದೇ, 5 ದಿನದೊಳಗೆ 50 ಸಾವಿರ ಟೋಕನ್ ಕಟ್ಟಬೇಕಂತೆ. ಅವಳಿಗೆ ಮುಂದೆ ಇಂಗ್ಲೆಂಡ್‌ನಲ್ಲೇ ಎಂಎಸ್ಸಿ ಮಾಡೋ ಆಸೆ. ಎಫ್‌ಡಿ ಮುರಿಸಿ ಕಳಿಸ್ಲಾ? ಇದರಿಂದ ಮುಂದೆ ಸೀಟು ಸಿಗೋಕೆ ಅನುಕೂಲ ಆಗತ್ತಾ? ಮೊದಲನೇ ಸಲ ಒಬ್ಬಳೇ ಹೊರಗೆ ಹೋಗೋದು, ಅದೂ ಒಂದು ಚಿಂತೆ.

ಉತ್ತರ:

ಮೇಡಂ, ಮೊದಲು ಟೋಕನ್ ಕಟ್ಟಬೇಡಿ, ಉಳಿದಿದ್ದು ಆಮೇಲೆ ಮಾತಾಡೋಣ. 5 ದಿನದ ಗಡುವು ಅನ್ನೋದು ನಿಮ್ಮನ್ನ ಯೋಚನೆ ಮಾಡೋಕೆ ಬಿಡಬಾರದು ಅಂತಲೇ ಇಟ್ಟಿರೋದು. "ಸೆಲೆಕ್ಟ್ ಆಗಿದ್ದೀರಿ" ಅಂತಾರಲ್ಲ, ನಿಮ್ಮ ಮಗಳು ಅರ್ಜಿನೇ ಹಾಕಿಲ್ಲ ಅಂದ್ಮೇಲೆ ಯಾರು ಯಾವ ಆಧಾರದ ಮೇಲೆ ಸೆಲೆಕ್ಟ್ ಮಾಡಿದ್ರು? ಎಲ್ಲೋ ಒಂದು ವೆಬಿನಾರ್‌ಗೋ ಒಲಿಂಪಿಯಾಡ್ ಥರದ ಪರೀಕ್ಷೆಗೋ ಮೇಲ್ ಐಡಿ ಕೊಟ್ಟಿರ್ತಾಳೆ, ಆ ಪಟ್ಟಿಯಲ್ಲಿರೋ ಎಲ್ರಿಗೂ ಇದೇ ಅಭಿನಂದನೆ ಹೋಗಿರತ್ತೆ.

ಈಗ ವಿಷಯಕ್ಕೆ ಬರ್ತೀನಿ. ಆಕ್ಸ್‌ಫರ್ಡ್ ಅಂದ್ರೆ ಒಂದೇ ಕಾಂಪೌಂಡಿನ ಯೂನಿವರ್ಸಿಟಿ ಅಲ್ಲ, ಮೂವತ್ತಕ್ಕೂ ಹೆಚ್ಚು ಕಾಲೇಜುಗಳು ಊರ ತುಂಬ ಹರಡಿಕೊಂಡಿವೆ, ಒಂದೊಂದಕ್ಕೂ ತನ್ನದೇ ಕಟ್ಟಡ, ತನ್ನದೇ ಹಾಸ್ಟೆಲ್ ರೂಮು, ತನ್ನದೇ ಡೈನಿಂಗ್ ಹಾಲ್, ತನ್ನದೇ ದುಡ್ಡಿನ ಲೆಕ್ಕ. ಅಲ್ಲಿ ಟರ್ಮ್ ಅಂದ್ರೆ ಬರೀ 8 ವಾರ, ವರ್ಷಕ್ಕೆ ಮೂರು. ಜೂನ್‌ನಲ್ಲಿ ಕೊನೇ ಟರ್ಮ್ ಮುಗಿದ್ರೆ ಅಕ್ಟೋಬರ್‌ವರೆಗೂ ಹುಡುಗರ ರೂಮುಗಳು ಖಾಲಿ. ಆ ಖಾಲಿ ರೂಮು, ಖಾಲಿ ಕ್ಲಾಸ್‌ರೂಮನ್ನ ಕಾಲೇಜಿನವರು ಕಾನ್ಫರೆನ್ಸ್‌ಗೆ, ಟೂರಿಸ್ಟ್‌ಗಳಿಗೆ, ಪ್ರೈವೇಟ್ ಕಂಪನಿಗಳಿಗೆ ಬಾಡಿಗೆಗೆ ಕೊಡ್ತಾರೆ, ಅದೇನೂ ಗುಟ್ಟಲ್ಲ, ಕಾಲೇಜಿಗೆ ಅದೊಂದು ಆದಾಯ. ಛತ್ರ ಬಾಡಿಗೆಗೆ ಕೊಟ್ಟೋರು ಮದುವೆ ಮಾಡ್ತಿರೋರಲ್ಲ, ಅಷ್ಟೇ ಕಥೆ ಇದು. ಕಂಪನಿ ಕಾಲೇಜಿನ ರೂಮು ಹಿಡಿದು, ತನ್ನ ಟೀಚರ್ಸ್ ಇಟ್ಕೊಂಡು, ತನ್ನ ಸರ್ಟಿಫಿಕೇಟ್ ಕೊಡತ್ತೆ. ಅದರಲ್ಲಿ ಆಕ್ಸ್‌ಫರ್ಡ್ ಅನ್ನೋ ಊರಿನ ಹೆಸರಿರತ್ತೆ, ಯೂನಿವರ್ಸಿಟಿ ಮುದ್ರೆ ಇರಲ್ಲ. ಬಾಡಿಗೆಗೆ ಹಿಡಿದು ನಡೆಸೋ ಇಂಥ ಕಂಪನಿಗಳಿಗೂ ನಮಗೂ ಸಂಬಂಧ ಇಲ್ಲ ಅಂತ ಯೂನಿವರ್ಸಿಟಿಯೇ ತನ್ನ ವೆಬ್‌ಸೈಟಲ್ಲಿ ಹಾಕಿದೆ.

ಹಾಗಂತ ಪ್ರೈವೇಟ್ ಅಂದ್ರೆಲ್ಲಾ ಮೋಸ ಅಂತ ಹೇಳ್ತಿಲ್ಲ. ಕೆಲವು ಕಡೆ ಪಾಠ ಚೆನ್ನಾಗೇ ಮಾಡ್ತಾರೆ, ಅಲ್ಲೇ ಪಿಎಚ್‌ಡಿ ಮಾಡ್ತಿರೋ ಹುಡುಗರು ಬಂದು ಚಿಕ್ಕ ಗುಂಪಲ್ಲಿ ಕಲಿಸ್ತಾರೆ, ಹದಿನಾರು ಹದಿನೇಳರ ಮಕ್ಕಳಿಗೆ ಅದೊಂದು ಒಳ್ಳೆ ಪ್ರವಾಸ. ಆದ್ರೆ ನಿಮ್ಮ ಮಗಳು ಡಿಗ್ರಿ ಓದ್ತಿರೋಳು, ಮುಂದೆ ಎಂಎಸ್ಸಿ ಅಂತಿದಾಳೆ, ಅವಳಿಗೆ ಬೇಕಾಗಿರೋದು ಯೂನಿವರ್ಸಿಟಿಯೇ ಕೊಡೋ ಟ್ರಾನ್ಸ್‌ಕ್ರಿಪ್ಟು, ಅಂದ್ರೆ ಯಾವ ಕೋರ್ಸ್ ಓದಿದ್ಲು, ಎಷ್ಟು ಗಂಟೆ, ಪರೀಕ್ಷೆಯಲ್ಲಿ ಏನು ಬಂತು ಅನ್ನೋ ಅಧಿಕೃತ ಕಾಗದ. "ಭಾಗವಹಿಸಿದ್ದಾರೆ" ಅನ್ನೋ ಸರ್ಟಿಫಿಕೇಟ್‌ಗೆ ಐದೂವರೆ ಲಕ್ಷ ಕೊಡೋದು ಬೇಡ ಅಂತ ನನ್ನ ಖಡಾಖಂಡಿತ ಅಭಿಪ್ರಾಯ.

ಯಾರು ಏನು ಅಂತ ಗುರುತಿಸೋಕೆ ಸುಲಭದ ದಾರಿ ವೆಬ್ ವಿಳಾಸ. ಬ್ರಿಟನ್ನಿನ ಯೂನಿವರ್ಸಿಟಿ ವಿಳಾಸ "ಡಾಟ್ ಎಸಿ ಡಾಟ್ ಯುಕೆ" ಅಂತ ಕೊನೆಯಾಗತ್ತೆ, ಅದನ್ನ ಕಂಡಕಂಡವರಿಗೆಲ್ಲ ಕೊಡಲ್ಲ. ಮೇಲ್ ಬಂದಿರೋ ವಿಳಾಸ "ಡಾಟ್ ಕಾಮ್" ಅಂತಲೋ "ಡಾಟ್ ಆರ್ಗ್" ಅಂತಲೋ ಇದ್ರೆ ಅಲ್ಲೇ ಅರ್ಧ ಉತ್ತರ ಸಿಕ್ತು. ಇನ್ನರ್ಧ ಉತ್ತರಕ್ಕೆ ಒಂದೇ ಒಂದು ಸಾಲು ಬರೆದು ಕೇಳಿ, ಟ್ರಾನ್ಸ್‌ಕ್ರಿಪ್ಟ್ ಯಾವ ಸಂಸ್ಥೆಯ ಹೆಸರಲ್ಲಿ ಬರತ್ತೆ, ಎಷ್ಟು ಕ್ರೆಡಿಟ್ ಅಂತ. ನೇರವಾಗಿ ಉತ್ತರ ಕೊಡದೆ ಡೈನಿಂಗ್ ಹಾಲಿನ ಫೋಟೋ ಕಳಿಸಿದ್ರೆ ಅಲ್ಲಿಗೆ ಬಿಟ್ಟುಬಿಡಿ.

ಹಾಗಾದ್ರೆ ನಿಜವಾಗಿ ಯೂನಿವರ್ಸಿಟಿಗಳೇ ನಡೆಸೋದು ಯಾವುದಿದೆ? ಬೇಕಾದಷ್ಟಿದೆ. ಆಕ್ಸ್‌ಫರ್ಡ್‌ನಲ್ಲೇ ಯೂನಿವರ್ಸಿಟಿಯ ಕಂಟಿನ್ಯೂಯಿಂಗ್ ಎಜುಕೇಶನ್ ವಿಭಾಗ ಇದೆ, ಅದು ದೊಡ್ಡೋರಿಗೆ ಬೇಸಿಗೆ ಕೋರ್ಸ್ ನಡೆಸತ್ತೆ, ಕೆಲವು ಕಾಲೇಜುಗಳು ತಮ್ಮದೇ ಹೆಸರಲ್ಲೂ ನಡೆಸ್ತವೆ. ಕೇಂಬ್ರಿಡ್ಜ್‌ನಲ್ಲಿ ಯೂನಿವರ್ಸಿಟಿಯ ಬೇಸಿಗೆ ಕೋರ್ಸುಗಳು 1923ರಿಂದ ನಡ್ಕೊಂಡು ಬಂದಿವೆ, ಅಲ್ಲಿನ ಪೆಂಬ್ರೋಕ್ ಕಾಲೇಜಿನವರದ್ದು ಡಿಗ್ರಿ ಹುಡುಗರಿಗೆ ಅಂತಲೇ ಇರೋ ಪ್ರೋಗ್ರಾಂ, ಹೆಚ್ಚು ವಾರ, ಹೆಚ್ಚು ದುಡ್ಡು. ಸಾಹಿತ್ಯ ಓದೋರಿಗೆ ಎಡಿನ್‌ಬರ್ಗ್‌ನಲ್ಲಿ ಸ್ಕಾಟ್ಲೆಂಡಿನ ಯೂನಿವರ್ಸಿಟಿಗಳು ಸೇರಿ 1947ರಲ್ಲಿ ಶುರು ಮಾಡಿದ ಸಮ್ಮರ್ ಸ್ಕೂಲ್ ಇದೆ. ಲಂಡನ್‌ನಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್ (ಯುಸಿಎಲ್), ಕಿಂಗ್ಸ್ ಕಾಲೇಜ್, ಮತ್ತೆ ನಿಮ್ಮ ಮಗಳ ವಿಷಯಕ್ಕೆ ಸರಿಯಾಗಿ ಕೂರೋದು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್, ಎಲ್ಲರೂ ಎಲ್‌ಎಸ್‌ಇ ಅನ್ನೋದು. ಅಂಬೇಡ್ಕರ್ 1916ರಲ್ಲಿ ಸೇರಿ, ಬರೋಡಾ ಸಂಸ್ಥಾನದ ಸ್ಕಾಲರ್‌ಶಿಪ್ ಅವಧಿ ಮುಗಿದು ಅರ್ಧಕ್ಕೆ ವಾಪಸ್ ಬಂದು, 1920ರಲ್ಲಿ ಮತ್ತೆ ಹೋಗಿ ಡಿಎಸ್ಸಿ ತಗೊಂಡ್ರಲ್ಲ, ಅದೇ ಜಾಗ.

ಎಲ್‌ಎಸ್‌ಇದು ನಾನು ಸ್ವಲ್ಪ ವಿಸ್ತಾರವಾಗಿ ಹೇಳ್ತೀನಿ, ಯಾಕಂದ್ರೆ ಎಕನಾಮಿಕ್ಸ್ ಹುಡುಗಿಗೆ ನಾನು ಹೇಳೋದಾದ್ರೆ ಅದನ್ನೇ. ಜೂನ್ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಮೂರು ಸೆಷನ್, ಒಂದೊಂದು 3 ವಾರ. ಒಂದು ಸೆಷನ್‌ಗೆ ಒಂದೇ ಕೋರ್ಸು. ವಾರದ ದಿನ ದಿನಾ ಹತ್ರತ್ರ 3 ಗಂಟೆ ಲೆಕ್ಚರು, ಅದಲ್ಲದೆ ಚಿಕ್ಕ ಗುಂಪಿನ ಕ್ಲಾಸು, ಅಲ್ಲಿ ಹಿಂದಿನ ದಿನ ಕೊಟ್ಟ ಲೆಕ್ಕ ನೀವೇ ಬಿಡಿಸಿ ತೋರಿಸಬೇಕು. ಒಂದು ಸೆಮಿಸ್ಟರಿನ ಪಾಠವನ್ನ 3 ವಾರಕ್ಕೆ ತುಂಬಿರೋದು, ಮಧ್ಯದಲ್ಲೊಂದು ಟೆಸ್ಟ್ ಅಥವಾ ಅಸೈನ್‌ಮೆಂಟು, ಕೊನೇಲಿ ಪರೀಕ್ಷೆ. ಅಮೆರಿಕದ ಯೂನಿವರ್ಸಿಟಿಗಳು ಇದಕ್ಕೆ ಸಾಮಾನ್ಯವಾಗಿ 3-4 ಕ್ರೆಡಿಟ್ ಕೊಡ್ತವೆ ಅಂದ್ರೆ ಎಷ್ಟು ಗಟ್ಟಿ ಇರತ್ತೆ ಅಂತ ಲೆಕ್ಕ ಹಾಕಿ. ಶನಿವಾರ ಭಾನುವಾರ ಲಂಡನ್ ನೋಡ್ಬಹುದು, ಮಿಕ್ಕ ದಿನ ಲೈಬ್ರರಿ.

ಖರ್ಚು ನೋಡೋಣ. ಎಲ್‌ಎಸ್‌ಇ ಥರದ ಕಡೆ ಒಂದು ಕೋರ್ಸಿಗೆ 3,000 ಪೌಂಡ್ ಆಸುಪಾಸು ಇರತ್ತೆ, ವರ್ಷ ವರ್ಷ ಸ್ವಲ್ಪ ಏರತ್ತೆ. ಹಾಸ್ಟೆಲ್ ರೂಮು ರಾತ್ರಿಗೆ 55-65 ಪೌಂಡ್ ಹಿಡಿದ್ರೆ 3 ವಾರಕ್ಕೆ 1,300. ಊಟ, ಬಸ್ಸು, ಟ್ಯೂಬ್ ರೈಲು ಎಲ್ಲಾ ಸೇರಿ ಕೈ ಬಿಗಿ ಹಿಡಿದ್ರೂ 500-600 ಪೌಂಡ್. ಒಟ್ಟು 4,900 ಅಂದ್ಕೊಳ್ಳಿ, ಪೌಂಡ್‌ಗೆ 120 ರೂಪಾಯಿ ಲೆಕ್ಕದಲ್ಲಿ 5 ಲಕ್ಷ 88 ಸಾವಿರ. ವಿಮಾನ ಜೂನ್-ಜುಲೈನಲ್ಲಿ ದುಬಾರಿ, 80-90 ಸಾವಿರ ಇಟ್ಕೊಳ್ಳಿ, ವೀಸಾ ಇನ್ಶೂರೆನ್ಸ್ ಸೇರಿ ಇನ್ನೊಂದು 20 ಸಾವಿರ. ಅಂದ್ರೆ ಸುಮಾರು 7 ಲಕ್ಷ. ಆ ಕಂಪನಿಯವರ 5.40ಕ್ಕೂ ವಿಮಾನ ವೀಸಾ ಸೇರಿಸಿದ್ರೆ ಆರೂವರೆ ಆಗತ್ತೆ, ಅದೂ 2 ವಾರಕ್ಕೆ, ಪರೀಕ್ಷೆ ಇಲ್ಲದೆ. ವ್ಯತ್ಯಾಸ ನಿಮ್ಮ ಕಣ್ಣಿಗೇ ಕಾಣ್ತಿದೆ.

ಲಂಡನ್ ಬಿಟ್ಟು ಗ್ಲಾಸ್ಗೋ, ಸಸೆಕ್ಸ್ ಥರದ ಕಡೆ ಹೋದ್ರೆ ರೂಮು ಊಟ ಸ್ವಲ್ಪ ಅಗ್ಗ. ಎಡಿನ್‌ಬರ್ಗ್ ಕೂಡ ಅಗ್ಗ ಅಂದ್ಕೋಬೇಡಿ, ಆಗಸ್ಟ್‌ನಲ್ಲಿ ಅಲ್ಲಿ ದೊಡ್ಡ ಕಲಾ ಉತ್ಸವ ಇರತ್ತೆ, ರೂಮಿನ ರೇಟು ಕೇಳೋ ಹಂಗೇ ಇರಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಸೀಟು ಸಿಗೋಕೆ ಅನುಕೂಲ ಆಗತ್ತಾ ಅಂತ. ಸಮ್ಮರ್ ಸ್ಕೂಲ್ ಮಾಡಿದೋರಿಗೆ ಮೀಸಲು ಸೀಟು, ಬೋನಸ್ ಮಾರ್ಕ್ಸು ಅಂತ ಏನೂ ಇಲ್ಲ. ಎಂಎಸ್ಸಿ ಅಡ್ಮಿಷನ್‌ನಲ್ಲಿ ಅವರು ನೋಡೋದು ಡಿಗ್ರಿ ಮಾರ್ಕ್ಸು, ಯಾವ ಪೇಪರ್ ಓದಿದಾಳೆ, ಟೀಚರ್‌ಗಳ ರೆಫರೆನ್ಸ್ ಪತ್ರ, ಅವಳೇ ಬರೆದ ಸ್ಟೇಟ್‌ಮೆಂಟು. ಆದ್ರೆ ಒಂದು ಕಡೆ ನಿಜವಾದ ಲಾಭ ಇದೆ, ಇದನ್ನ ಯಾವ ಏಜೆಂಟೂ ಹೇಳಲ್ಲ. ನಮ್ಮ ಕಡೆ ಬಿಎ ಎಕನಾಮಿಕ್ಸ್‌ನಲ್ಲಿ ಗಣಿತ ತುಂಬಾ ಕಮ್ಮಿ, ಭಾರತದ ಅರ್ಥವ್ಯವಸ್ಥೆ, ಬ್ಯಾಂಕಿಂಗ್, ಸಾರ್ವಜನಿಕ ಹಣಕಾಸು ಅಂತ ಓದಿಸ್ತಾರೆ, ಕ್ಯಾಲ್ಕುಲಸ್ ಇಟ್ಟು ಮೈಕ್ರೋ ಎಕನಾಮಿಕ್ಸ್ ಮಾಡಿಸೋ ಕಾಲೇಜು ಬೆರಳೆಣಿಕೆ. ಬ್ರಿಟನ್ನಿನ ಒಳ್ಳೆ ಎಂಎಸ್ಸಿ ಎಕನಾಮಿಕ್ಸ್‌ಗೆ ಅರ್ಜಿ ಹಾಕೋ ನಮ್ಮ ಮಕ್ಕಳು ಎಡವೋದು ಅಲ್ಲೇ, ಹುಡುಗಿ ಬುದ್ಧಿವಂತೆ ಹೌದು ಆದ್ರೆ ಇಕನಾಮೆಟ್ರಿಕ್ಸ್, ಅಂದ್ರೆ ಅಂಕಿಅಂಶ ಇಟ್ಟು ಮಾಡೋ ಅರ್ಥಶಾಸ್ತ್ರ, ಮಾಡಿದಾಳಾ ಅಂತ ಕೇಳ್ತಾರೆ. ಬೇಸಿಗೆಯಲ್ಲಿ ಇಂಟ್ರೊಡಕ್ಟರಿ ಇಕನಾಮೆಟ್ರಿಕ್ಸ್ ಅಥವಾ ಇಂಟರ್ಮೀಡಿಯೇಟ್ ಮೈಕ್ರೋ ತಗೊಂಡು ಅದರಲ್ಲಿ ಒಳ್ಳೆ ಗ್ರೇಡ್ ತಂದ್ರೆ ಆ ಖಾಲಿ ಜಾಗ ಸ್ವಲ್ಪ ತುಂಬತ್ತೆ. "ಲೀಡರ್‌ಶಿಪ್", "ಗ್ಲೋಬಲ್ ಸಿಟಿಜನ್" ಅಂತೆಲ್ಲ ಹೆಸರಿರೋ ಕೋರ್ಸ್ ತಗೊಂಡ್ರೆ ಏನೂ ತುಂಬಲ್ಲ. ಕೋರ್ಸ್ ಪುಟದಲ್ಲಿ ಮೊದಲೇ ಏನು ಓದಿರಬೇಕು ಅಂತ ಬರೆದಿರ್ತಾರೆ, ಅದನ್ನ ಅವಳು ಪ್ರಾಮಾಣಿಕವಾಗಿ ಓದ್ಕೋಬೇಕು, ಕ್ಯಾಲ್ಕುಲಸ್ ಬೇಕು ಅಂತಿದ್ದು ಅವಳು ಪಿಯುಸಿ ಆರ್ಟ್ಸ್ ಆಗಿದ್ರೆ ಈಗಿಂದ ಹೋಗೋವರೆಗೂ ದಿನಾ ಒಂದು ಗಂಟೆ ಗಣಿತ ಕಲೀಲಿ, ಇಲ್ಲಾಂದ್ರೆ ಅಲ್ಲಿ ಎರಡನೇ ದಿನಕ್ಕೇ ಕೈಚೆಲ್ಲಿ ಕೂರ್ತಾಳೆ.

ಮಾರ್ಕ್ಸ್ ಬಗ್ಗೆ ಒಂದು ಮಾತು, ಮನೆಯವರು ಗಾಬರಿ ಆಗಬಾರದು ಅಂತ. ಬ್ರಿಟನ್ನಿನಲ್ಲಿ 70 ದಾಟಿದ್ರೆ ಫಸ್ಟ್ ಕ್ಲಾಸು, 60ರಿಂದ 69 ಅಂದ್ರೆ ಒಳ್ಳೆ ಮಾರ್ಕ್ಸು, 40ಕ್ಕೆ ಪಾಸು. ಕೆಲವು ಸಮ್ಮರ್ ಸ್ಕೂಲ್‌ನವರು ಎ, ಬಿ ಅಂತ ಗ್ರೇಡ್ ಕೊಡ್ತಾರೆ. ಇಲ್ಲಿ 92 ತೆಗೀತಿದ್ದೋಳಿಗೆ ಅಲ್ಲಿ 63 ಬಂತು ಅಂತ ಫೋನಲ್ಲಿ ಅಳ್ತಾಳೆ, ಅದು ಚೆನ್ನಾಗೇ ಇದೆ ಅಂತ ನೀವೇ ಸಮಾಧಾನ ಮಾಡ್ಬೇಕಾಗತ್ತೆ. ಮತ್ತೆ ಬರವಣಿಗೆ, ನೋಟ್ಸ್ ಇಳಿಸಿಬಿಡೋ ಅಭ್ಯಾಸ ಅಲ್ಲಿ ನಡೆಯಲ್ಲ, ಯಾರದ್ದೋ ವಾಕ್ಯ ಹೇಳದೆ ತಗೊಂಡ್ರೆ ಕೃತಿಚೌರ್ಯ, ಸಾಫ್ಟ್‌ವೇರ್ ಹಾಕಿ ಹಿಡೀತಾರೆ. ಕ್ಲಾಸಲ್ಲಿ ಸುಮ್ನೆ ಕೂತು ಬರ್ಕೊಳ್ಳೋಳನ್ನ ಯಾರೂ ಜಾಣೆ ಅನ್ನಲ್ಲ, ಬಾಯಿ ಬಿಡಬೇಕು, ತಪ್ಪಾದ್ರೂ ಪರ್ವಾಗಿಲ್ಲ. ಕನ್ನಡ ಮೀಡಿಯಂ ಮಕ್ಕಳಿಗೆ ಇದೇ ದೊಡ್ಡ ಬೆಟ್ಟ, ಇಂಗ್ಲಿಷ್ ಬರ್ದೆ ಅಲ್ಲ, ಮೇಷ್ಟ್ರಿಗೆ ಎದುರುತ್ತರ ಕೊಡೋದು ತಪ್ಪು ಅಂತ ಬೆಳೆಸಿರ್ತೀವಲ್ಲ, ಅದಕ್ಕೆ. ನೀವೂ ಟೀಚರ್, ನಿಮಗೆ ಹೇಳ್ಬೇಕಾಗಿಲ್ಲ.

ಈಗ ಎಲ್ಲಕ್ಕಿಂತ ದೊಡ್ಡ ತೊಡಕು, ಹೆಚ್ಚಿನವರ ಪ್ಲಾನ್ ಮುರಿಯೋದು ವೀಸಾದಿಂದಲ್ಲ, ಇದರಿಂದ. ಅಲ್ಲಿ ಬೇಸಿಗೆ ರಜೆ ಇರೋ ಜೂನ್, ಜುಲೈ, ಆಗಸ್ಟ್ ಹೊತ್ತಿಗೆ ನಮ್ಮಲ್ಲಿ ಮಳೆ ಹಿಡಿದು, ಡಿಗ್ರಿಯವರಿಗೆ ಸಮ ಸೆಮಿಸ್ಟರ್ ಪರೀಕ್ಷೆ ನಡೀತಿರತ್ತೆ. ನಮ್ಮ ಯೂನಿವರ್ಸಿಟಿಗಳ ವೇಳಾಪಟ್ಟಿ ಮೊದಲು ಒಂದು ಬರತ್ತೆ, ಆಮೇಲೆ ಪರಿಷ್ಕೃತ ಅಂತ ಇನ್ನೊಂದು ಬರತ್ತೆ. ಫೀಸು ಕಟ್ಟಿ, ಟಿಕೆಟ್ ತಗೊಂಡು, ಪರೀಕ್ಷೆ 10 ದಿನ ಮುಂದಕ್ಕೆ ಹೋಯ್ತು ಅಂದ್ರೆ ಏನ್ ಮಾಡ್ತೀರ? ಅದಕ್ಕೇ ನನ್ನ ಪ್ರಕಾರ ಮೊದಲ ಕೆಲಸ ಮೇಲ್ ಅಲ್ಲ, ಬ್ಯಾಂಕ್ ಅಲ್ಲ, ಅವಳ ಕಾಲೇಜಿನ ಪರೀಕ್ಷಾ ವಿಭಾಗ. ಕಳೆದ ಎರಡು ಮೂರು ವರ್ಷ ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ನಿಜವಾಗಿ ಯಾವ ದಿನ ಮುಗಿದಿತ್ತು, ಐದನೇ ಸೆಮಿಸ್ಟರ್ ಕ್ಲಾಸ್ ಯಾವಾಗ ಶುರುವಾಯ್ತು ಅಂತ ಕೇಳ್ಕೊಂಡು ಬರ್ಲಿ. ಪರೀಕ್ಷೆ ಜುಲೈವರೆಗೂ ಎಳೆಯೋ ಅಭ್ಯಾಸ ಇದ್ರೆ ಎಲ್‌ಎಸ್‌ಇ ಮೂರನೇ ಸೆಷನ್ ಇಟ್ಕೊಳ್ಳಿ, ಅದು ಜುಲೈ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ. ಆಗ ಐದನೇ ಸೆಮಿಸ್ಟರಿನ ಮೊದಲ ವಾರಗಳು ತಪ್ಪಬಹುದು, 75 ಪರ್ಸೆಂಟ್ ಅಟೆಂಡೆನ್ಸ್ ಕಥೆ ಇದ್ದೇ ಇದೆ, ಪ್ರಿನ್ಸಿಪಾಲ್‌ರ ಹತ್ರ ಮೊದಲೇ ಲಿಖಿತ ಅನುಮತಿ ತಗೊಳ್ಳಿ. ಅದೇ ಪತ್ರ ವೀಸಾಗೂ ಬೇಕಾಗತ್ತೆ, ಹೇಗೆ ಅಂತ ಮುಂದೆ ಹೇಳ್ತೀನಿ. ಕ್ರೆಡಿಟ್ ವರ್ಗಾವಣೆ ಮಾತ್ರ ಅಷ್ಟಾಗಿ ನಂಬ್ಕೊಬೇಡಿ, ಆಟೋನಮಸ್ ಕಾಲೇಜಾದ್ರೆ ಕೇಳಿ ನೋಡಿ.

ವೀಸಾ. 6 ತಿಂಗಳೊಳಗಿನ ಓದಿಗೆ ಸ್ಟೂಡೆಂಟ್ ವೀಸಾ ಬೇಡ, ಸ್ಟ್ಯಾಂಡರ್ಡ್ ವಿಸಿಟರ್ ವೀಸಾ ಸಾಕು, ಆದ್ರೆ ಓದೋ ಸಂಸ್ಥೆ ಮಾನ್ಯತೆ ಇರೋದಾಗಿರಬೇಕು. ಫೀಸು 2025ರ ಏಪ್ರಿಲ್‌ನಲ್ಲಿ 127 ಪೌಂಡ್ ಆಯ್ತು, ಕಟ್ಟೋ ಮುಂಚೆ ಬ್ರಿಟಿಷ್ ಸರ್ಕಾರದ ಸೈಟಲ್ಲಿ ಅವತ್ತಿನ ರೇಟು ನೋಡ್ಕೊಳ್ಳಿ. ದೊಡ್ಡ ಅವಧಿಯ ವೀಸಾಗೆ ಕಟ್ಟೋ ಹೆಲ್ತ್ ಸರ್‌ಚಾರ್ಜು, ಟಿಬಿ ಟೆಸ್ಟು ಇದಕ್ಕೆ ಬೇಕಾಗಿಲ್ಲ, ಯಾರಾದ್ರೂ ಬೇಕು ಅಂತ ದುಡ್ಡು ಕೇಳಿದ್ರೆ ಕೊಡಬೇಡಿ. ಹೋಗೋ ದಿನಕ್ಕಿಂತ 3 ತಿಂಗಳು ಮುಂಚೆಯಿಂದ ಅರ್ಜಿ ಹಾಕ್ಬಹುದು, ವೀಸಾ ಅರ್ಜಿ ತಗೊಳ್ಳೋ ಬೆಂಗಳೂರಿನ ವಿಎಫ್‌ಎಸ್ ಸೆಂಟರಲ್ಲಿ ಬೆರಳಚ್ಚು ಫೋಟೋ ಕೊಟ್ಟ ಮೇಲೆ ಸಾಮಾನ್ಯವಾಗಿ 3 ವಾರ. ಈ ವೀಸಾದಲ್ಲಿ ಒಂದು ರೂಪಾಯಿ ಕೆಲಸ ಮಾಡೋ ಹಾಗಿಲ್ಲ, ಅಂಗಡಿಯಲ್ಲಿ ವೀಕೆಂಡ್ ನಿಂತ್ರೂ ತಪ್ಪೇ. "ಒಮ್ಮೆ ಹೋಗ್ಲಿ, ಅಲ್ಲೇ ಸ್ಟೂಡೆಂಟ್ ವೀಸಾ ಮಾಡಿಸ್ತೀವಿ" ಅನ್ನೋ ಏಜೆಂಟ್ ಸುಳ್ಳು ಹೇಳ್ತಿದಾನೆ, ವಿಸಿಟರ್ ವೀಸಾದಿಂದ ಅಲ್ಲೇ ಇದ್ದು ಬದಲಾಯಿಸೋಕೆ ಆಗಲ್ಲ.

ವೀಸಾ ಆಫೀಸರ್‌ಗೆ ಇರೋ ಅನುಮಾನ ಎರಡೇ, ಈ ಹುಡುಗಿ ವಾಪಸ್ ಬರ್ತಾಳಾ, ದುಡ್ಡು ನಿಜವಾಗ್ಲೂ ಇವರದ್ದಾ. ಮೊದಲನೇದಕ್ಕೆ ಕಾಲೇಜಿನ ಪತ್ರ, ಇಂಥ ದಿನದಿಂದ ಐದನೇ ಸೆಮಿಸ್ಟರ್, ಇವಳು ನಮ್ಮ ವಿದ್ಯಾರ್ಥಿನಿ ಅಂತ. ಅದಕ್ಕೇ ಡಿಗ್ರಿ ಮಧ್ಯದಲ್ಲಿ ಹೋಗೋದು ಡಿಗ್ರಿ ಮುಗಿದ ಮೇಲೆ ಹೋಗೋದಕ್ಕಿಂತ ಸಲೀಸು, ಮುಗಿಸಿ ಖಾಲಿ ಕೂತೋಳಿಗೆ ವಾಪಸ್ ಬರೋಕೆ ಕಾರಣ ತೋರಿಸೋದು ಕಷ್ಟ. ಎರಡನೇದು ನಿಮ್ಮ ಮನೆಗೆ ಸ್ವಲ್ಪ ಸೂಕ್ಷ್ಮ. ನಿಮ್ಮ ಸಂಬಳ ಸರಿ, ಸ್ಯಾಲರಿ ಸ್ಲಿಪ್ಪು ಫಾರ್ಮ್ 16 ಇದೆ. ಯಜಮಾನ್ರ ಅಡಿಕೆ ದುಡ್ಡು ಕೃಷಿ ಆದಾಯ, ತೆರಿಗೆ ಇಲ್ಲ, ಹಂಗಾಗಿ ಎಷ್ಟೋ ಮನೆಗಳಲ್ಲಿ ರಿಟರ್ನೂ ಹಾಕಿರಲ್ಲ, ವರ್ಷಕ್ಕೆ ಒಂದೋ ಎರಡೋ ಸಲ ಒಟ್ಟಿಗೆ ಬ್ಯಾಂಕಿಗೆ ಬೀಳತ್ತೆ. ಎಲ್ಲೋ ಕೂತು ಸ್ಟೇಟ್‌ಮೆಂಟ್ ನೋಡೋ ಆಫೀಸರ್‌ಗೆ ಇದ್ದಕ್ಕಿದ್ದಂಗೆ 6 ಲಕ್ಷ ಬಿದ್ದಿದ್ದು ಯಾರೋ ಸಾಲ ಕೊಟ್ಟು ತೋರಿಸಿದ ದುಡ್ಡು ಅನ್ನಿಸತ್ತೆ. ಅದಕ್ಕೆ ಪಹಣಿ, ಅಡಿಕೆ ಮಂಡಿ ರಸೀದಿ ಅಥವಾ ಸೊಸೈಟಿ ರಸೀದಿ ಇಟ್ಟು, ಯಾವ ರಸೀದಿ ಯಾವ ಎಂಟ್ರಿಗೆ ಸಂಬಂಧ ಅಂತ ಒಂದು ಹಾಳೆಯಲ್ಲಿ ಬರೆದುಕೊಡಿ. ಕನ್ನಡದಲ್ಲಿರೋ ಕಾಗದಕ್ಕೆಲ್ಲ ಇಂಗ್ಲಿಷ್ ಅನುವಾದ ಬೇಕು, ಅನುವಾದ ಮಾಡಿದೋರ ಹೆಸರು, ಸಹಿ, ದಿನಾಂಕ, ಸಂಪರ್ಕ ವಿವರ ಇರಬೇಕು. (ವೇಲ್ಸ್‌ನವರ ವೆಲ್ಶ್ ಭಾಷೆಯಲ್ಲಿದ್ರೆ ಅನುವಾದ ಬೇಡವಂತೆ, ನಮಗೇನು ಉಪಯೋಗ!)

ಎಫ್‌ಡಿ ಈಗಲೇ ಮುರಿಸಬೇಡಿ. ಎಫ್‌ಡಿ ರಸೀದಿ ಹಾಗೇ ತೋರಿಸಿದ್ರೆ ಅದು ಹಳೇ ಉಳಿತಾಯ ಅಂತ ಸಾಬೀತಾಗತ್ತೆ, ಮುರಿಸಿ ಎಸ್‌ಬಿ ಖಾತೆಗೆ ಹಾಕಿದ್ರೆ ಅದೇ ದುಡ್ಡು ಅನುಮಾನದ ದೊಡ್ಡ ಡೆಪಾಸಿಟ್ ಆಗತ್ತೆ. ಫೀಸು ಕಟ್ಟೋಕೆ ಬೇಕಾದಷ್ಟು ಮಾತ್ರ ಮುರಿಸಿ, ಬ್ಯಾಂಕಿನ ಕ್ಲೋಷರ್ ಕಾಗದ ಜೋಪಾನ ಇಟ್ಕೊಳ್ಳಿ. ದುಡ್ಡು ಕಳಿಸೋಕೆ ಎಲ್‌ಆರ್‌ಎಸ್ ಅಂತ, ಹೊರದೇಶಕ್ಕೆ ದುಡ್ಡು ಕಳಿಸೋ ರಿಸರ್ವ್ ಬ್ಯಾಂಕಿನ ದಾರಿ ಇದೆ, ವರ್ಷಕ್ಕೆ 10 ಲಕ್ಷದವರೆಗೆ ಹೀಗೆ ಕಳಿಸಿದ್ರೆ ಟಿಸಿಎಸ್ ಅನ್ನೋ ಮುಂಗಡ ತೆರಿಗೆ ಹಿಡಿಯಲ್ಲ. ವೀಸಾ ತಿರಸ್ಕಾರ ಆದ್ರೆ ಇದಕ್ಕೆ ಅಪೀಲ್ ಅವಕಾಶ ಸಾಮಾನ್ಯವಾಗಿ ಇಲ್ಲ, ಮತ್ತೆ ಫೀಸು ಕಟ್ಟಿ ಹೊಸದಾಗಿ ಹಾಕ್ಬೇಕು, ಮುಂದೆ ಎಂಎಸ್ಸಿಗೆ ವೀಸಾ ಕೇಳೋವಾಗ ಈ ತಿರಸ್ಕಾರ ಹೇಳ್ಕೊಳ್ಳೇಬೇಕು. ಸುಳ್ಳು ಕಾಗದ ಇಟ್ಟು ಸಿಕ್ಕಿಬಿದ್ರೆ 10 ವರ್ಷ ನಿಷೇಧ, ಅವಳ ಎಂಎಸ್ಸಿ ಕನಸು ಅಲ್ಲಿಗೇ ಮುಗೀತು. ಏಜೆಂಟ್ "ಬ್ಯಾಲೆನ್ಸ್ ನಾವೇ ತೋರಿಸ್ತೀವಿ" ಅಂದ್ರೆ ಅಲ್ಲಿಂದ ಎದ್ದು ಬನ್ನಿ.

ಒಬ್ಬಳೇ ಹೋಗೋ ಚಿಂತೆಗೆ. ಯೂನಿವರ್ಸಿಟಿ ಹಾಸ್ಟೆಲ್‌ನಲ್ಲಿ ಒಬ್ಬರಿಗೊಂದು ರೂಮು, ಬೀಗ, ಕೆಳಗೆ ರಿಸೆಪ್ಷನ್. ರಾತ್ರಿ ಅನ್ನೋದೇ ತಡವಾಗಿ ಆಗೋದು, ಜೂನ್ ಕೊನೆಯಲ್ಲಿ ಲಂಡನ್‌ನಲ್ಲಿ 9.20ರ ತನಕ ಬೆಳಕಿರತ್ತೆ. ಭಯ ಪಡ್ಬೇಕಾಗಿರೋದು ಫೋನ್ ಕಳ್ಳರಿಗೆ, ಫುಟ್‌ಪಾತಲ್ಲಿ ಮ್ಯಾಪ್ ನೋಡ್ತಾ ನಿಂತ್ರೆ ಎಲೆಕ್ಟ್ರಿಕ್ ಸೈಕಲ್ಲಲ್ಲಿ ಬಂದು ಕಿತ್ಕೊಂಡು ಹೋಗ್ತಾರೆ. ಗೋಡೆಗೆ ಬೆನ್ನು ಮಾಡಿ ನಿಂತು ನೋಡು ಅಂತ ಹೇಳಿ. ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ ಅಂದ್ಕೊಳ್ಳಿ, ಎಮರ್ಜೆನ್ಸಿ ವಿಭಾಗದಲ್ಲಿ ಮೊದಲು ನೋಡೋದು ಫ್ರೀ ಆದ್ರೂ ಅಡ್ಮಿಟ್ ಆದ್ರೆ ಹೊರಗಿನೋರಿಗೆ ಒಂದೂವರೆ ಪಟ್ಟು ರೇಟು. ಹಾಸ್ಟೆಲ್ ರೂಮಲ್ಲಿ ಫ್ಯಾನೂ ಇರಲ್ಲ ಎಸಿನೂ ಇರಲ್ಲ, ಇಂಗ್ಲೆಂಡ್ ಅಂದ್ರೆ ಚಳಿ ಅಂತ ಸ್ವೆಟರ್ ತುಂಬಿ ಕಳಿಸ್ತಾರೆ, 2022ರ ಜುಲೈ 19ಕ್ಕೆ ಅಲ್ಲಿ 40 ಡಿಗ್ರಿ ದಾಟಿತ್ತು. ಒಂದು ಸ್ವೆಟರ್, ಒಂದು ರೇನ್‌ಕೋಟ್ ಸಾಕು. ಪ್ಲಗ್ ಬೇರೆ ಥರ, ಅಡಾಪ್ಟರ್ ಇಲ್ಲಿಂದಲೇ ತಗೊಳ್ಳಿ.

ಊಟ. ಅಂಗಡಿಯ ತಿಂಡಿಗಳ ಮೇಲೆಲ್ಲ ವೆಜಿಟೇರಿಯನ್, ವೀಗನ್ ಅಂತ ಸ್ಪಷ್ಟವಾಗಿ ಹಾಕಿರ್ತಾರೆ, ಸೂಪರ್‌ಮಾರ್ಕೆಟ್‌ನಲ್ಲಿ ಸ್ಯಾಂಡ್‌ವಿಚ್, ಚಿಪ್ಸ್, ಜ್ಯೂಸ್ ಸೇರಿದ ಮೀಲ್ ಡೀಲ್ 4 ಪೌಂಡ್ ಆಸುಪಾಸು. ಅಡುಗೆಮನೆ ಇರೋ ಹಾಸ್ಟೆಲ್ ಸಿಕ್ಕಿದ್ರೆ ಒಳ್ಳೇದು, ಆದ್ರೆ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕೋವಾಗ ಹುಷಾರು, ಸ್ಮೋಕ್ ಅಲಾರಂ ಹೊಡ್ಕೊಂಡ್ರೆ ಇಡೀ ಬಿಲ್ಡಿಂಗ್ ರೋಡಿಗೆ ಬಂದು ನಿಲ್ಲತ್ತೆ. ಚಟ್ನಿಪುಡಿ, ಅವಲಕ್ಕಿ, ಸಾರಿನಪುಡಿ ಕಳಿಸಿ. ತುಪ್ಪ, ಪೇಡ, ಹಾಲಿನ ಯಾವುದೇ ಪದಾರ್ಥ ಇಲ್ಲಿಂದ ಒಯ್ಯೋದಕ್ಕೆ ನಿಷೇಧ ಇದೆ, ಏರ್‌ಪೋರ್ಟಲ್ಲಿ ಕಿತ್ಕೋತಾರೆ. ಹಳೇ ಬರಹಗಳಲ್ಲಿ ಎಲ್‌ಎಸ್‌ಇ ಹತ್ರ ಸ್ಟ್ರ್ಯಾಂಡ್ ರಸ್ತೆಯ ಇಂಡಿಯಾ ಕ್ಲಬ್‌ನಲ್ಲಿ ದೋಸೆ ತಿನ್ನಿ ಅಂತಿರತ್ತೆ, ಅದು 2023ರಲ್ಲಿ ಮುಚ್ಚಿಹೋಯ್ತು. ಈಗ ದೋಸೆ ಬೇಕಂದ್ರೆ ಯೂಸ್ಟನ್ ಸ್ಟೇಷನ್ ಹಿಂದಿನ ಡ್ರಮ್ಮಂಡ್ ಸ್ಟ್ರೀಟ್‌ಗೆ ಹೋಗ್ಲಿ.

ಭಾನುವಾರಗಳಿಗೆ ದುಡ್ಡು ಬೇಕಾಗಿಲ್ಲ, ದೊಡ್ಡ ಮ್ಯೂಸಿಯಂಗಳು ಫ್ರೀ. ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಶ್ರೀರಂಗಪಟ್ಟಣದಿಂದ ಒಯ್ದ ಟಿಪ್ಪುವಿನ ಹುಲಿ ಇದೆ, ಮರದ್ದು, ಯುರೋಪಿಯನ್ ಒಬ್ಬನ ಮೇಲೆ ಎರಗಿರೋದು. ಥೇಮ್ಸ್ ದಡದಲ್ಲಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರಲ್ಲಿ ಅನಾವರಣ ಆದ ಬಸವಣ್ಣನ ಪುತ್ಥಳಿ ಇದೆ. ಅಂಬೇಡ್ಕರ್ 1921-22ರಲ್ಲಿದ್ದ ಮನೆ ಕಿಂಗ್ ಹೆನ್ರೀಸ್ ರೋಡಲ್ಲಿದೆ, ಈಗ ಮ್ಯೂಸಿಯಂ ಮಾಡಿದಾರೆ, ಎಕನಾಮಿಕ್ಸ್ ಓದೋಳು ನೋಡ್ಬೇಕಾದ ಮನೆ.

ಹಾಗಾದ್ರೆ ಕಳಿಸ್ಲಾ ಬೇಡ್ವಾ? ಆ ಎಫ್‌ಡಿ ಅವಳ ಎಂಎಸ್ಸಿಗೆ ಅಂತಲೇ ಇಟ್ಟಿದ್ದು, ಅದು ಬಿಟ್ರೆ ಬೇರೆ ಇಲ್ಲ ಅನ್ನೋದಾದ್ರೆ ಮುಟ್ಟಬೇಡಿ, ಲಂಡನ್‌ನಲ್ಲಿ ಒಂದು ವರ್ಷದ ಎಂಎಸ್ಸಿಗೆ ಇದರ ಎಷ್ಟೋ ಪಟ್ಟು ಬೇಕು, 3 ವಾರಕ್ಕೆ 7 ಲಕ್ಷ ಕರಗಿಸೋದು ಬುದ್ಧಿವಂತಿಕೆ ಅಲ್ಲ. ಆ ದುಡ್ಡಿನ ಚೂರು ಪಾಲಲ್ಲಿ ಇಲ್ಲೇ ಗಣಿತ, ಸ್ಟ್ಯಾಟಿಸ್ಟಿಕ್ಸ್ ಗಟ್ಟಿ ಮಾಡ್ಕೊಂಡು ಡಿಗ್ರಿ ಮಾರ್ಕ್ಸ್ ಏರಿಸಿದ್ರೆ ಅಡ್ಮಿಷನ್‌ಗೆ ಅದೇ ಹೆಚ್ಚು ತೂಕ. ಸಾಲ ಮಾಡಿ ಕಳಿಸೋದಂತೂ ಬೇಡವೇ ಬೇಡ. ಎಂಎಸ್ಸಿ ದುಡ್ಡು ಬೇರೆ ಇದೆ, ಇದು ಮೇಲಿನದು ಅನ್ನೋ ಪರಿಸ್ಥಿತಿ ಇದ್ರೆ, ಅವಳು ಗಣಿತಕ್ಕೆ ತಯಾರಿದ್ರೆ, ಪರೀಕ್ಷೆ ದಿನಾಂಕ ಹೊಂದಿದ್ರೆ, ಆಗ ಧೈರ್ಯವಾಗಿ ಕಳಿಸಿ, ಏಜೆಂಟ್ ಇಲ್ಲದೆ, ಯೂನಿವರ್ಸಿಟಿ ಸೈಟಲ್ಲೇ ಅರ್ಜಿ ಹಾಕಿ. ಮುಂದೆ ಒಂದು ವರ್ಷ ಅಷ್ಟು ದುಡ್ಡು ಸುರಿಯೋ ಮುಂಚೆ ಆ ಓದು, ಆ ಊರು ಅವಳಿಗೆ ಒಗ್ಗತ್ತಾ ಅಂತ ಅವಳಿಗೇ ಗೊತ್ತಾಗತ್ತೆ, ನನ್ನ ಲೆಕ್ಕದಲ್ಲಿ ಅದೇ ಇದರ ಮುಖ್ಯ ಲಾಭ.

ಅರ್ಜಿ ಹಾಕೋವಾಗ ಎರಡು ವಿಷಯ ಓದ್ಕೊಳ್ಳಿ. ಇಂಗ್ಲಿಷ್ ಪರೀಕ್ಷೆ ಬೇಕಾ ಅಥವಾ ಇಂಗ್ಲಿಷ್ ಮೀಡಿಯಂ ಅಂತ ಕಾಲೇಜಿನ ಪತ್ರ ನಡಿಯತ್ತಾ, ಸುಮಾರು ಕಡೆ ಪತ್ರ ನಡಿಯತ್ತೆ. ಇನ್ನೊಂದು, ವೀಸಾ ಸಿಗದಿದ್ರೆ ಫೀಸು ವಾಪಸ್ ಬರತ್ತಾ, ಎಷ್ಟು ದಿನ ಮುಂಚೆ ತಿಳಿಸಬೇಕು, ತಿರಸ್ಕಾರ ಪತ್ರ ಕಳಿಸಬೇಕಾ ಅಂತ. ಹೆಸರು ಮಾಡಿದ ಕೋರ್ಸುಗಳು ಬೇಗ ತುಂಬಿಹೋಗ್ತವೆ, ವೀಸಾಗೂ ಟೈಮ್ ಬೇಕು, ಹಂಗಾಗಿ ಪರೀಕ್ಷಾ ವಿಭಾಗಕ್ಕೆ ಈ ವಾರವೇ ಹೋಗಿ ಬರ್ಲಿ. ಆ ಮೇಲ್‌ಗೆ ಉತ್ತರ ಬರೀಲೇಬೇಕು ಅಂತೇನಿಲ್ಲ, ಫೋನ್ ಮಾಡಿ ಕಾಡಿದ್ರೆ ಟ್ರಾನ್ಸ್‌ಕ್ರಿಪ್ಟ್ ಯಾರ ಹೆಸರಲ್ಲಿ ಬರತ್ತೆ ಅಂತ ಬರೆದು ಕಳಿಸಿ ಅನ್ನಿ, ಬಹುಶಃ ಮತ್ತೆ ಫೋನ್ ಬರಲ್ಲ.